ವಚನದಲ್ಲಿ ಗಡ್ಡವೂ ಇದೆ

ಜೇಡರ ದಾಸಿಮಯ್ಯನ ಒಂದು ವಚನವನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ದೇಹದ ಗುರುತು ನೋಡಿ ಜನ ಒಬ್ಬರನ್ನು ಹೆಣ್ಣೆಂದೂ ಇನ್ನೊಬ್ಬರನ್ನು ಗಂಡೆಂದೂ ವಿಂಗಡಿಸುತ್ತಾರೆ, ಒಳಗೆ ಸುಳಿದಾಡುವ ಆತ್ಮಕ್ಕೆ ಮಾತ್ರ ಆ ವಿಂಗಡಣೆ ಅಂಟುವುದಿಲ್ಲ ಎನ್ನುವ ವಚನ ಅದು. ಗಂಡಿನ ಗುರುತಾಗಿ ದಾಸಿಮಯ್ಯ ಹೆಸರಿಸುವುದು ಗಡ್ಡ ಮೀಸೆಗಳನ್ನು. ಕನ್ನಡದಲ್ಲಿ ಲಿಂಗದ ಬಗ್ಗೆ ಯಾರು ಮಾತಿಗೆ ನಿಂತರೂ ಈ ವಚನ ಬಂದೇ ಬರುತ್ತದೆ. ನಾನೊಬ್ಬ ಟ್ರಾನ್ಸ್ ಮಹಿಳೆ, ಜೊತೆಗೆ ಕನ್ನಡದ ಅತಿಥಿ ಉಪನ್ಯಾಸಕಿ. ನನ್ನ ಬಾಯಲ್ಲಂತೂ ಅದು ಎರಡು ಪಟ್ಟು ಬರಬೇಕೆಂದು ಎಲ್ಲರೂ ಕಾಯುತ್ತಾರೆ.

ಕಳೆದ ವರ್ಷ ಆ ಪಾಠದ ನಡುವೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಮೇಡಂ, ಗಡ್ಡ ತೆಗೆದುಬಿಟ್ಟರೆ?" ತರಗತಿ ನಕ್ಕಿತು. ನಾನೂ ನಕ್ಕೆ. "ಆತ್ಮಕ್ಕೆ ಗಡ್ಡ ಎಲ್ಲಿಂದ ಬರಬೇಕು?" ಎಂದು ಹೇಳಿ ಮುಂದಕ್ಕೆ ಹೋದೆ. ಜಾಣ ಉತ್ತರ ಎಂದು ನನಗೇ ಅನ್ನಿಸಿತ್ತು.

ಪಾಠ ಮುಗಿದ ಮೇಲೆ ಪ್ರಶ್ನೆ ಕೇಳಿದ ವಿದ್ಯಾರ್ಥಿ ನನ್ನ ಮೇಜಿನ ಬಳಿ ಬಂದು ನಿಂತಳು. ಹಾಜರಿ ಪುಸ್ತಕದಲ್ಲಿ ಇರುವುದು ಗಂಡು ಹೆಸರು, ಆದರೆ ಇಲ್ಲಿ ಅವಳು ಎಂದೇ ಬರೆಯುತ್ತೇನೆ, ಅವಳು ಕೇಳಿಕೊಂಡದ್ದೇ ಹಾಗೆ. ಮುಖಕ್ಕೆ ಸುತ್ತಿದ್ದ ಕರ್ಚೀಫು ತೆಗೆದಳು. ಮೇಲ್ದುಟಿಯಿಂದ ಗಲ್ಲದವರೆಗೆ ಚರ್ಮ ಸುಟ್ಟು ಕೆಂಪಗಾಗಿ, ಅಂಚಿನಲ್ಲಿ ಕಪ್ಪಾಗಿತ್ತು.

"ಕೂದಲು ತೆಗೆಯುವ ಕ್ರೀಮ್ ಮೇಡಂ. ಡಬ್ಬಿ ಮೇಲೆ ಐದು ನಿಮಿಷ ಅಂತಿತ್ತು. ಹೋಗಲಿಲ್ಲ ಅಂತ ಅರ್ಧ ಗಂಟೆ ಬಿಟ್ಟೆ."

19ನೇ ವಯಸ್ಸಿನಲ್ಲಿ ನಾನು ಬಿಟ್ಟದ್ದು 20 ನಿಮಿಷ. ಗುರುತು ಹೋಗಲು ವರ್ಷವೇ ಹಿಡಿದಿತ್ತು. ಇವಳು ಕೇಳಿದ್ದು ತಮಾಷೆಗಲ್ಲ, ವಚನವನ್ನು ಅಕ್ಷರಶಃ ಓದಿ ಕೇಳಿದ್ದಳು. ಅಕ್ಷರಶಃ ಓದಲು ಬರದವಳು ನಾನು. ಈ ಬರಹ ಆ ದಿನ ನಾನು ಕೊಡದೇ ಹೋದ ಉತ್ತರ.

ನಾವು ಈ ವಚನವನ್ನು ಓದುವ ಕ್ರಮವನ್ನೇ ಮೊದಲು ನೋಡಬೇಕು. ನಮ್ಮ ಕಣ್ಣು ನೇರ ಕೊನೆಗೆ, ಆತ್ಮದ ಕಡೆಗೆ ಓಡುತ್ತದೆ. ಮೊದಲ ಭಾಗ ಆ ಕೊನೆಗೆ ಹತ್ತುವ ಮೆಟ್ಟಿಲು ಮಾತ್ರ ಎಂಬಂತೆ ದಾಟಿಬಿಡುತ್ತೇವೆ. ಆದರೆ ಅಲ್ಲಿ ಒಂದು ಕ್ರಿಯಾಪದವಿದೆ: ಜನ ಹಾಗೆ ಕರೆಯುತ್ತಾರೆ. ಗಡ್ಡವಿದ್ದವರು ಗಂಡು ಎಂದು ದಾಸಿಮಯ್ಯ ಹೇಳುವುದಿಲ್ಲ, ಗಡ್ಡ ಕಂಡವರು ಹಾಗೆನ್ನುತ್ತಾರೆ ಎಂದು ಹೇಳುತ್ತಾನೆ. ಅಂದರೆ ಮೊದಲ ಭಾಗದಲ್ಲಿ ದೇಹವೊಂದೇ ಇಲ್ಲ, ದೇಹವನ್ನು ನೋಡುತ್ತಿರುವ ಊರೂ ಇದೆ. ಆತ್ಮದ ಮಾತಿಗೆ ಅವಸರ ಮಾಡಿದಾಗ ನಾವು ಕೈಬಿಡುವುದು ಈ ಊರನ್ನು.

ಆ ಊರು ನನಗೆ ದಿನವೂ ಸಿಗುವುದು ಬಸ್ಸಿನಲ್ಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ರಾಜ್ಯದ ಮಹಿಳೆಯರ ಜೊತೆಗೆ ನಮ್ಮಂಥವರಿಗೂ ಶೂನ್ಯ ಟಿಕೆಟ್ ಸಿಕ್ಕಿತು. ಕಂಡಕ್ಟರ್ ಹತ್ತಿರ ಬರುತ್ತಾನೆ, ಟಿಕೆಟ್ ಯಂತ್ರದ ಮೇಲಿನ ಬೆರಳು ಅರೆಗಳಿಗೆ ನಿಲ್ಲುತ್ತದೆ, ಅವನ ಕಣ್ಣು ನನ್ನ ಗಲ್ಲಕ್ಕೆ ಇಳಿಯುತ್ತದೆ. ಕೆಟ್ಟವನೇನಲ್ಲ, ಅವನಿಗೂ ಲೆಕ್ಕ ಒಪ್ಪಿಸಬೇಕು. ಬೆಳಿಗ್ಗೆ ಚೆನ್ನಾಗಿ ಕ್ಷೌರವಾಗಿದ್ದರೆ "ಎಲ್ಲಿಗಮ್ಮಾ?" ಎನ್ನುತ್ತಾನೆ. ತಡವಾಗಿ ಎದ್ದ ದಿನ ಬಾಯಲ್ಲಿ ಬಂದ "ಸಾ..." ಅನ್ನು ನುಂಗಿಕೊಂಡು ಗುರುತಿನ ಚೀಟಿ ಕೇಳುತ್ತಾನೆ. ವಚನದ ಮೊದಲ ಭಾಗ ನನ್ನ ಪಾಲಿಗೆ ಇದೇ.

ನಮ್ಮ ಸಾಹಿತ್ಯ ಈ ಅರೆಗಳಿಗೆಯ ಬಗ್ಗೆ ಏನು ಬರೆದಿದೆ? ವಿರಾಟಪರ್ವದ ಬೃಹನ್ನಳೆಯನ್ನು ನೆನಪಿಸಿಕೊಳ್ಳಿ. ಹೆಣ್ಣುಡುಗೆ ತೊಟ್ಟು ಅಜ್ಞಾತವಾಸಕ್ಕೆ ಹೊರಟ ಅರ್ಜುನ, ಬಿಲ್ಲಿನ ಹೆದೆ ಉಜ್ಜಿ ತೋಳ ಮೇಲೆ ಉಳಿದ ಕಲೆಯನ್ನು ಬಳೆ ತೊಟ್ಟು ಮುಚ್ಚುತ್ತೇನೆ ಎನ್ನುತ್ತಾನೆ. ವೇಷ ಎಲ್ಲಿ ಸಿಕ್ಕಿಬೀಳುತ್ತದೆ ಎಂದು ವ್ಯಾಸರು ಎಷ್ಟು ಹತ್ತಿರದಿಂದ ಯೋಚಿಸಿದ್ದಾರೆ! ತೋಳಿನ ಕಲೆಯನ್ನು ಕಂಡ ಕಣ್ಣಿಗೆ ಗಲ್ಲ ಮಾತ್ರ ಕಾಣಲಿಲ್ಲ. ಊರ್ವಶಿಯ ಶಾಪ ಅದನ್ನೂ ನೋಡಿಕೊಂಡಿತು ಎಂದುಕೊಳ್ಳೋಣ. ನಮಗೆ ಶಾಪ ಕೊಡಲು ಊರ್ವಶಿಯಿಲ್ಲ, ಕನ್ನಡಿ ಮುಂದಿನ ಅರ್ಧ ಗಂಟೆಯಿದೆ.

ಈಚಿನ ಪುಸ್ತಕಗಳಿಗೆ ಬಂದರೆ, ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ 'ಬದುಕು ಬಯಲು' ಎಂದು ಕನ್ನಡಕ್ಕೆ ತಂದರು, ಅದು ರಂಗಕ್ಕೂ ಬಂತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ 'ನಾನು ಅವನಲ್ಲ ಅವಳು' ಎಂದು ಕನ್ನಡಕ್ಕೆ ಬಂದು, ಬಿ.ಎಸ್. ಲಿಂಗದೇವರು ಅವರ ಸಿನಿಮಾ ಆಯಿತು. ಮಂಜಮ್ಮ ಜೋಗತಿಯವರ 'ನಡುವೆ ಸುಳಿವ ಹೆಣ್ಣು' ಇದೆ. ಇವುಗಳ ಬಗ್ಗೆ ನಾನು ಓದಿದ ವಿಮರ್ಶೆಗಳೆಲ್ಲ ಎರಡು ಕಡೆ ಮಾತ್ರ ನಿಂತು ನೋಡುತ್ತವೆ: ಒಂದು ಆಪರೇಷನ್ ಕೋಣೆಯ ಬಾಗಿಲು, ಇನ್ನೊಂದು ಭಿಕ್ಷೆಯ ರಸ್ತೆ. ಎರಡೂ ನಿಜ. ಆದರೆ ಒಂದು ಜೀವನದಲ್ಲಿ ಒಮ್ಮೆ ನಡೆಯುವಂಥದ್ದು, ಇನ್ನೊಂದು ಹೊರಗಿನವರ ಕಣ್ಣಿಗೆ ಬೀಳುವಂಥದ್ದು. ದಿನವೂ ನಡೆಯುವ, ಯಾರ ಕಣ್ಣಿಗೂ ಬೀಳಬಾರದೆಂದೇ ಮಾಡುವ ಕೆಲಸ ವಿಮರ್ಶೆಗೆ ವಿಷಯವೇ ಆಗಲಿಲ್ಲ.

ಲಿಂಗದೇವರು ಅವರ ಸಿನಿಮಾಕ್ಕೆ 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಎರಡು ಗೌರವ ಬಂದವು. ಸಂಚಾರಿ ವಿಜಯ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂದದ್ದು ಎಲ್ಲರಿಗೂ ನೆನಪಿದೆ. ಶ್ರೇಷ್ಠ ಪ್ರಸಾಧನದ ಪ್ರಶಸ್ತಿಯೂ ಅದಕ್ಕೇ ಬಂತೆಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ಬೇಕೆಂದೇ ಹೇಳುತ್ತೇನೆ. ಪಾತ್ರ ಕಟ್ಟುವುದರಲ್ಲಿ ಚರ್ಮದ ಮೇಲಿನ ಕೆಲಸಕ್ಕೂ ಪಾಲಿದೆ ಎಂದು ತೀರ್ಪುಗಾರರಿಗೆ ಗೊತ್ತಿತ್ತು. ಸಿನಿಮಾ ನೋಡಿ ಬರೆದ ನಮಗೆ ಅದು ಹೊಳೆಯಲಿಲ್ಲ.

ಹಾಗೆಂದು ಈ ತಿಳಿವಳಿಕೆ ನಮ್ಮ ನಾಡಿನಲ್ಲಿ ಇರಲೇ ಇಲ್ಲ ಎನ್ನುವಂತಿಲ್ಲ. ನಾನು ಕರಾವಳಿಯವಳು. ಚಿಕ್ಕವಳಿದ್ದಾಗ ಬಯಲಾಟದ ಚೌಕಿಯಲ್ಲಿ ಸುಳಿದಾಡುತ್ತಿದ್ದೆ. ಸ್ತ್ರೀವೇಷ ಮಾಡುತ್ತಿದ್ದ ಹಿರಿಯರೊಬ್ಬರು ಸಂಜೆಯೇ ಬಿಸಿನೀರಲ್ಲಿ ಮುಖ ತೊಳೆದು ಕ್ಷೌರ ಮುಗಿಸಿ ಸುಮ್ಮನೆ ಕೂರುತ್ತಿದ್ದರು. ಬಣ್ಣಕ್ಕೆ ಯಾಕೆ ಕೂರುವುದಿಲ್ಲ ಎಂದು ಕೇಳಿದ್ದೆ. "ಬ್ಲೇಡು ತಾಗಿದ ಕೂಡಲೇ ಬಣ್ಣ ಹಚ್ಚಬಾರ್ದು ಮಾಣಿ, ಉರೀತದೆ" ಎಂದಿದ್ದರು. ಅವರ ಕಣ್ಣಿಗೆ ನಾನಾಗ ಮಾಣಿಯೇ. ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ನಿಧಾನ ಬಣ್ಣ ಒರೆಸುತ್ತಿದ್ದರು, ಉಜ್ಜುತ್ತಿರಲಿಲ್ಲ. ಹೆಣ್ಣುಡುಗೆಯ ಗಂಡಿನ ಮುಖವನ್ನು ಕಾಪಾಡುವ ವಿದ್ಯೆ ನಾನು ಮೊದಲು ಕಂಡದ್ದು ಅಲ್ಲಿ.

ಹಿಜ್ರಾ ಮನೆಗಳಲ್ಲಿ ಇನ್ನೊಂದು ಪದ್ಧತಿ. ಕ್ಷೌರ ಮಾಡಬಾರದು, ಚಿಮಟದಿಂದ ಒಂದೊಂದೇ ಕೂದಲು ಕೀಳಬೇಕು ಎಂಬ ಕಟ್ಟಳೆಯನ್ನು ಸೆರೀನಾ ನಂದಾ 1990ರ ತಮ್ಮ ಅಧ್ಯಯನದಲ್ಲಿ ದಾಖಲಿಸಿದ್ದಾರೆ. ಅದು ಸೌಂದರ್ಯದ ಜೊತೆಗೆ ಶಿಸ್ತೂ ಹೌದು, ಗುರು ಚೇಲಾಗೆ ಕಲಿಸುವ ಪಾಠವೂ ಹೌದು. ಅದರಲ್ಲಿ ನೋವಿದೆ, ಒರಟು ಕೂದಲನ್ನು ಕಿತ್ತಷ್ಟೂ ಅದು ಚರ್ಮದೊಳಗೇ ಸುರುಳಿ ಸುತ್ತಿ ಗಂಟಾಗುವ ಅಪಾಯವೂ ಇದೆ. ಆದರೂ ಪಕ್ಕದಲ್ಲಿ ಕೂತು ಹೇಳಿಕೊಡುವ ಒಬ್ಬರು ಇರುತ್ತಾರೆ. ನನ್ನ ವಿದ್ಯಾರ್ಥಿಗೆ ಚೌಕಿಯೂ ಇಲ್ಲ, ಗುರುಮನೆಯೂ ಇಲ್ಲ. ಇದ್ದದ್ದು ಹಾಸ್ಟೆಲಿನ ಬಾತ್‌ರೂಮು, ಹೆಂಗಸರ ಕಾಲಿಗೆಂದು ಮಾಡಿದ ಒಂದು ಕ್ರೀಮಿನ ಡಬ್ಬಿ, ಮತ್ತು ಆತ್ಮದ ಬಗ್ಗೆ ಮಾತಾಡುವ ಒಬ್ಬ ಮೇಡಂ.

ಹೇಳಿಕೊಡುವವರಿಲ್ಲದ ಕಡೆ ನಾಚಿಕೆ ಯಾವ ಕೈಗೆ ಸಿಗುತ್ತದೆ ಎಂಬುದಕ್ಕೆ ಇತಿಹಾಸವಿದೆ. ಅಮೆರಿಕದ ರೆಬೆಕಾ ಹರ್ಜಿಗ್ 2015ರಲ್ಲಿ 'ಪ್ಲಕ್ಡ್' ಎಂಬ ಪುಸ್ತಕ ಬರೆದರು. ಕೂದಲು ತೆಗೆಯುವುದರ ಚರಿತ್ರೆ ಅದು. 1920ರ ದಶಕದಲ್ಲಿ ಅಲ್ಲಿ 'ಟ್ರೈಕೊ' ಎಂಬ ಎಕ್ಸ್‌ರೇ ಯಂತ್ರದ ಸಲೂನುಗಳಿದ್ದವು. ನೋವಿಲ್ಲ, ಗುಟ್ಟಾಗಿ ಮುಗಿಯುತ್ತದೆ ಎಂದು ನಂಬಿ ಮುಖದ ಕೂದಲಿಗೆ ನಾಚುತ್ತಿದ್ದ ಸಾವಿರಾರು ಹೆಂಗಸರು ಹೋದರು. ಕೂದಲು ಉದುರಿತು. ವರ್ಷಗಳ ಮೇಲೆ ಚರ್ಮ ಸುಕ್ಕುಗಟ್ಟಿ, ಹುಣ್ಣಾಗಿ, ಕ್ಯಾನ್ಸರ್ ಬಂತು. ಆಮೇಲೆ 'ಕೋರೆಮ್ಲು' ಎಂಬ ಕ್ರೀಮ್ ಬಂತು. ಅದರಲ್ಲಿದ್ದದ್ದು ಥ್ಯಾಲಿಯಂ, ಇಲಿಪಾಷಾಣಕ್ಕೆ ಬಳಸುತ್ತಿದ್ದ ವಸ್ತು. ಹಚ್ಚಿಕೊಂಡವರ ನರಗಳೇ ಕೆಟ್ಟವು, 1932ರಲ್ಲಿ ಕಂಪನಿ ದಿವಾಳಿಯಾಯಿತು. ಆ ಹೆಂಗಸರು ಟ್ರಾನ್ಸ್ ಆಗಿರಬೇಕಿರಲಿಲ್ಲ. ಬಾಯಿಬಿಟ್ಟು ಕೇಳಲಾಗದ ಸ್ಥಿತಿಯಲ್ಲಿ ಇದ್ದರು, ಅಷ್ಟು ಸಾಕಾಗಿತ್ತು.

ಇದನ್ನೆಲ್ಲ ಓದಿಕೊಂಡು ಮರುವಾರ ಅವಳನ್ನು ಕ್ಯಾಂಟೀನಿಗೆ ಕರೆದೆ. ಅಲ್ಲಿ ಹೇಳಿದ್ದನ್ನು ಇಲ್ಲೂ ಬರೆಯುತ್ತೇನೆ, ಓದುಗರಲ್ಲಿ ಇನ್ನೊಬ್ಬಳು ಇರಬಹುದು.

"ನೋಡಮ್ಮ, ಮೊದಲು ಗಾಯ ಆರಲಿ. ಅಲ್ಲಿವರೆಗೆ ಬ್ಲೇಡೂ ಬೇಡ, ಕ್ರೀಮೂ ಬೇಡ. ಚರ್ಮದ ಡಾಕ್ಟರಿಗೆ ತೋರಿಸು, ಬಿಸಿಲಿಗೆ ಹೋಗುವಾಗ ಮುಚ್ಚಿಕೋ" ಎಂದೆ. ಆ ಕ್ರೀಮ್ ಕೆಲಸ ಮಾಡುವುದು ಕೂದಲಿನ ಕೆರಾಟಿನ್ ಅನ್ನು ಕರಗಿಸಿ. ಚರ್ಮದ ಮೇಲ್ಪದರವೂ ಕೆರಾಟಿನ್ನೇ. ಹೊತ್ತು ಮೀರಿದರೆ ಅದು ಕೂದಲು ಯಾವುದು, ಚರ್ಮ ಯಾವುದು ಎಂದು ನೋಡುವುದಿಲ್ಲ. ಬಳಸಲೇಬೇಕೆಂದರೆ ಮುಖಕ್ಕೆಂದೇ ಮಾಡಿದ್ದನ್ನು, ಒಂದು ದಿನ ಮೊದಲು ಸ್ವಲ್ಪವೇ ಹಚ್ಚಿ ನೋಡಿ, ಬರೆದಷ್ಟೇ ನಿಮಿಷ ಬಳಸಬೇಕು. ಗಡ್ಡದಂಥ ಒರಟು ಕೂದಲಿಗೆ ಅದು ಸಾಲದೇ ಹೋಗಬಹುದು. ಸಾಲದಿದ್ದರೆ ಬಿಡಬೇಕು, ಹೊತ್ತು ಹೆಚ್ಚಿಸಬಾರದು.

ದಿನದ ಮಟ್ಟಿಗೆ ಸುರಕ್ಷಿತವಾದದ್ದು ಹಳೆಯ ಕ್ಷೌರವೇ. ಬಿಸಿನೀರು, ನೊರೆ, ಹರಿತವಾದ ಸ್ವಂತ ರೇಜರ್, ಕೂದಲು ಬೆಳೆದ ದಿಕ್ಕಿನಲ್ಲೇ ಹಗುರ ಕೈ. ಬೇರೆಯವರ ಬ್ಲೇಡು ಬೇಡ, ರಕ್ತದ ಮೂಲಕ ಹೆಪಟೈಟಿಸ್ ಹರಡುತ್ತದೆ. ಬೋಳಿಸಿದರೆ ಕೂದಲು ದಪ್ಪ ಬರುತ್ತದೆ ಎನ್ನುವುದು ಸುಳ್ಳು. ಕತ್ತರಿಸಿದ ತುದಿ ಮೊಂಡಾಗಿ ಹಾಗೆ ಕಾಣುತ್ತದೆ, ಅಷ್ಟೆ. ಕ್ಷೌರದ ನಂತರವೂ ಉಳಿಯುವ ಹಸಿರು ನೆರಳಿಗೆ ಫೌಂಡೇಶನ್ನಿನ ಕೆಳಗೆ ತೆಳ್ಳಗೆ ಕಿತ್ತಳೆ ಬಣ್ಣ ಹಚ್ಚಿದರೆ ಮುಚ್ಚುತ್ತದೆ. ದಾರದಲ್ಲಿ ಅಥವಾ ವ್ಯಾಕ್ಸಿನಲ್ಲಿ ಗಡ್ಡ ಕೀಳಿಸಿದರೆ ನಮ್ಮ ಕಂದು ಚರ್ಮದಲ್ಲಿ ಕಪ್ಪು ಕಲೆ ಉಳಿಯುವುದು ಸುಲಭ. ಮೊಡವೆಗೆ ರೆಟಿನಾಯ್ಡ್ ಔಷಧಿ ತೆಗೆದುಕೊಳ್ಳುತ್ತಿದ್ದರೆ ವ್ಯಾಕ್ಸ್ ಮುಟ್ಟಲೇಬಾರದು, ಚರ್ಮವೇ ಕಿತ್ತುಬರುತ್ತದೆ.

"ಹಾರ್ಮೋನ್ ತಗೊಂಡರೆ ತಾನಾಗೇ ಹೋಗಲ್ವಾ ಅಕ್ಕಾ?" ಎಂದಳು. ಮೇಡಂ ಅಕ್ಕ ಆದದ್ದು ಆಗಲೇ. ಮೈಕೂದಲು ತೆಳುವಾಗಬಹುದು, ಒಮ್ಮೆ ಬಲಿತ ಗಡ್ಡ ಅದರಿಂದ ಹೋಗುವುದಿಲ್ಲ. ಅದಕ್ಕೆ ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ ಬೇಕು. ಲೇಸರ್ ಹುಡುಕುವುದು ಕಪ್ಪನ್ನು. ಕೂದಲಿನ ಕಪ್ಪಿನ ಜೊತೆಗೆ ಚರ್ಮದ ಕಪ್ಪೂ ಅದರ ದಾರಿಗೆ ಸಿಗುತ್ತದೆ. ಹಾಗಾಗಿ ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಯಂತ್ರ ಹೆಚ್ಚು ಸುರಕ್ಷಿತ. "ಯಾವ ಲೇಸರ್?" ಎಂದು ಬಾಯಿಬಿಟ್ಟು ಕೇಳಬೇಕು, ಉತ್ತರ ಹೇಳಲಾಗದ ಕಡೆಯಿಂದ ಎದ್ದು ಬರಬೇಕು. ಒಂದು ಸಲಕ್ಕೆ ಮುಗಿಯುವುದಿಲ್ಲ. ಎಲ್ಲ ಕೂದಲೂ ಒಟ್ಟಿಗೆ ಬೆಳೆಯುವ ಹಂತದಲ್ಲಿ ಇರುವುದಿಲ್ಲವಾದ್ದರಿಂದ 4ರಿಂದ 6 ವಾರಕ್ಕೊಮ್ಮೆ ಹೋಗಬೇಕು, ಗಡ್ಡಕ್ಕೆ 8 ಸಲವೂ ಸಾಲದೇ ಹೋಗಬಹುದು. ಅದಕ್ಕೆ ಮುಂಚಿನ ಒಂದು ತಿಂಗಳು ಕೀಳಬಾರದು, ಬುಡ ಇದ್ದರೆ ತಾನೇ ಸುಡುವುದು. ಕ್ಷೌರ ಮಾಡಬಹುದು. ನೋವು ತಡೆಯುವ ಮರಗಟ್ಟಿಸುವ ಕ್ರೀಮನ್ನು ಮನೆಯಲ್ಲೇ ದಪ್ಪಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಹೋಗುವುದು ಅಪಾಯ. ಔಷಧಿ ರಕ್ತಕ್ಕಿಳಿದು ಹೃದಯಕ್ಕೆ ತೊಂದರೆ ಕೊಡುತ್ತದೆ.

ಬಿಳಿ ಕೂದಲಿಗೆ ಲೇಸರ್ ನಾಟುವುದಿಲ್ಲ, ಎಲೆಕ್ಟ್ರಾಲಿಸಿಸ್ ನಾಟುತ್ತದೆ. ಸೂಜಿಯಿಂದ ಒಂದೊಂದೇ ಬುಡವನ್ನು ಕೊಲ್ಲುವ ಈ ವಿಧಾನವನ್ನು 1875ರಲ್ಲಿ ಚಾರ್ಲ್ಸ್ ಮಿಶೆಲ್ ಎಂಬ ಅಮೆರಿಕದ ಕಣ್ಣಿನ ವೈದ್ಯ ವರದಿ ಮಾಡಿದ್ದ, ಒಳಮುಖವಾಗಿ ಬೆಳೆದು ಕಣ್ಣು ಚುಚ್ಚುವ ರೆಪ್ಪೆಗೂದಲಿಗಾಗಿ. ಕಣ್ಣು ಉಳಿಸಲು ಹುಟ್ಟಿದ ವಿದ್ಯೆ. ಪೂರ್ಣ ಗಡ್ಡಕ್ಕೆ ನೂರು ಗಂಟೆಯೂ ದಾಟಬಹುದು. ಸೂಜಿ ಪ್ರತಿ ಸಲ ಹೊಸದಿರಬೇಕು. ಗಾಯದ ಕಲೆ ಉಬ್ಬಿ ಬೆಳೆಯುವ ಮೈಯವರು ಮೊದಲೇ ಹೇಳಬೇಕು.

ಸಾಹಿತ್ಯದ ಪತ್ರಿಕೆಯಲ್ಲಿ ಇದನ್ನೆಲ್ಲ ಯಾಕೆ ಬರೆಯುತ್ತೀರಿ ಎಂದು ಕೇಳುವವರಿದ್ದಾರೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಕಲಮನ್ನು ಅವರು ಒಮ್ಮೆ ಓದಲಿ. ಸರ್ಕಾರ ಒದಗಿಸಬೇಕಾದ ವಿಮೆಯ ಪಟ್ಟಿಯಲ್ಲಿ ಶಸ್ತ್ರಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆಗಳ ಪಕ್ಕದಲ್ಲಿ ಲೇಸರ್ ಚಿಕಿತ್ಸೆ ಎಂಬ ಮಾತೂ ಇದೆ. ಕಾಯ್ದೆಯ ಬಗ್ಗೆ ನಮಗೆ ಬೇರೆ ತಕರಾರುಗಳು ಬಹಳ ಇವೆ, ಈ ಮಾತು ಆಸ್ಪತ್ರೆಯ ಕೌಂಟರಿಗೆ ಎಷ್ಟು ತಲುಪಿದೆ ಎಂಬುದೂ ಬೇರೆ ಮಾತು. ಆದರೆ ಕಾನೂನಿನ ಒಣ ಗದ್ಯಕ್ಕೆ ಕಂಡ ಗಡ್ಡ ನಮ್ಮ ವಿಮರ್ಶೆಗೆ ಕಾಣಲಿಲ್ಲ ಎಂಬುದು ನನ್ನ ನಾಚಿಕೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಒಬ್ಬ ಗೆಳತಿ ಕೇಳಿದಳು: ಹೆಣ್ಣಿನ ಮೈಯಲ್ಲಿ ಕೂದಲಿರಬಾರದು ಎನ್ನುವುದೇ ಗಂಡಾಳ್ವಿಕೆಯ ಕಟ್ಟಳೆ, ನೀವು ಅದಕ್ಕೇ ತಲೆಬಾಗುತ್ತಿಲ್ಲವೇ? ದಾಸಿಮಯ್ಯ ಬೇಡವೆಂದ ಗುರುತನ್ನು ನೀವೇ ಒಪ್ಪಿಕೊಂಡಂತಾಗಲಿಲ್ಲವೇ? ಹೌದು, ಒಂದಷ್ಟು. ಗಡ್ಡ ಬಿಟ್ಟುಕೊಂಡೇ ಸೀರೆಯುಡುವವರನ್ನು ನಾನು ಬಲ್ಲೆ, ಅವರ ಧೈರ್ಯಕ್ಕೆ ಕೈಮುಗಿಯುತ್ತೇನೆ. ಮನೆಯ ಕೋಣೆಯೊಳಗೆ ವಾರಕ್ಕೊಮ್ಮೆ ಸೀರೆಯುಟ್ಟು, ಸೋಮವಾರ ಮೀಸೆಯೊಡನೆ ಆಫೀಸಿಗೆ ಹೋಗಬೇಕಾದ ಗಂಡಸರೂ ಇದ್ದಾರೆ. ಅವರಿಗೆ ಬೇಕಿರುವುದು ಮತ್ತೆ ಬೆಳೆಯುವ ಉಪಾಯ, ಲೇಸರ್ ಅಲ್ಲ. ತೆಗೆಯಲೇಬೇಕು ಎಂದು ನಾನು ಯಾರಿಗೂ ಹೇಳುತ್ತಿಲ್ಲ. ತೆಗೆಯುವವಳು ಸುಟ್ಟುಕೊಳ್ಳಬಾರದು, ಅಷ್ಟೇ. ಆತ್ಮಕ್ಕೆ ಲಿಂಗವಿಲ್ಲ ಎಂಬ ಮಾತು ಯಾರ ಬಾಯಲ್ಲಿ, ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನೂ ನೋಡಬೇಕು. ಆ ದಿನ ತರಗತಿಯಲ್ಲಿ ಅದು ನನ್ನ ಬಾಯಲ್ಲಿ ಬಂದದ್ದು ಒಬ್ಬಳ ಪ್ರಶ್ನೆಯನ್ನು ಮುಚ್ಚಲು.

ಮಂಜಮ್ಮನವರ ಪುಸ್ತಕದ ಹೆಸರನ್ನು ಈಗ ಮತ್ತೆ ಓದಿ. ದಾಸಿಮಯ್ಯನ ವಚನದಲ್ಲಿ ನಡುವೆ ಸುಳಿಯುವುದು ಆತ್ಮ, ಇವರ ಹೆಸರಿನಲ್ಲಿ ಸುಳಿಯುವುದು ಹೆಣ್ಣು. ಒಂದು ಪದ ಬದಲಾಗಿದೆ. ಆತ್ಮವನ್ನು ಕೆಳಗಿಳಿಸಿ, ಉಣ್ಣುವ ಉಡುವ ಕುಣಿಯುವ ಒಂದು ಮೈಯನ್ನು ಆ ಜಾಗದಲ್ಲಿ ಕೂರಿಸಿದೆ. ಆ ವಚನಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಈ ವರ್ಷ ಪಾಠ ಮಾಡುವಾಗ ನಾನು ಮೊದಲ ಭಾಗದಲ್ಲೇ ಒಂದು ಗಂಟೆ ನಿಂತೆ. ಪ್ರಚಲಿತ ಪಾಠದಲ್ಲಿ ಹೆಣ್ಣಿಗೆ ಹೇಳಿದ ಗುರುತುಗಳಲ್ಲಿ ಮುಡಿಯೂ ಇದೆ, ಗಂಡಿಗೆ ಗಡ್ಡ. ಅಂದರೆ ಎರಡು ಕಡೆಯೂ ಕೂದಲೇ. ಒಂದನ್ನು ಬೆಳೆಸುತ್ತೇವೆ, ಇನ್ನೊಂದನ್ನು ತೆಗೆಯುತ್ತೇವೆ, ಊರು ನೋಡಿ ಹೆಸರಿಡುತ್ತದೆ ಎಂದೆ.

ಆ ಹುಡುಗಿ ಈಗ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಗಲ್ಲದ ಕಲೆ ಬಹುತೇಕ ಮಾಸಿದೆ, ಲೇಸರಿಗೆ ಹಣ ಕೂಡಿಸುತ್ತಿದ್ದಾಳೆ, ಅಲ್ಲಿವರೆಗೆ ಕ್ಷೌರ. ಪಾಠ ಮುಗಿದ ಮೇಲೆ ನೋಟ್‌ಬುಕ್ ಹಿಡಿದು ಬಂದಳು. ಗೊಗ್ಗವ್ವೆಯ ಹೆಸರಿನಲ್ಲೂ ಇಂಥದೇ ವಚನ ಸಿಕ್ಕಿದೆ ಎಂದು ತೋರಿಸಿದಳು. ಅಲ್ಲಿ ಗಂಡಿನ ಗುರುತು ಮೀಸೆ ಮತ್ತು ಕಾಸೆ.

"ಕಾಸೆ ಅಂದ್ರೆ ಉಡುವ ಬಟ್ಟೆ ಅಲ್ವಾ ಅಕ್ಕಾ? ಮೀಸೆ ಬೋಳಿಸಬಹುದು, ಕಾಸೆ ಬಿಚ್ಚಬಹುದು. ಎರಡೂ ತೆಗೆಯೋಕೆ ಬರುವಂಥವೇ. ಆಮೇಲೆ ಗೊಗ್ಗವ್ವೆ ದಾಸಿಮಯ್ಯನ ಹಾಗೆ ಉತ್ತರ ಹೇಳಲ್ಲ, ದೇವರನ್ನೇ ಕೇಳಿ ನಿಲ್ಲಿಸ್ತಾಳೆ."

ಹೋದ ವರ್ಷ ಅವಳು ಕೇಳಿದ್ದೂ ಅದನ್ನೇ: ತೆಗೆದುಬಿಟ್ಟರೆ? ಇಷ್ಟು ವರ್ಷ ಪಾಠ ಮಾಡಿದ ನನಗೆ ಆ ಎರಡು ಪದಗಳಲ್ಲಿ ಇದು ಕಂಡಿರಲಿಲ್ಲ. ಈ ಸಲ ನಾನು ನಗಲಿಲ್ಲ. ಇದನ್ನೇ ಸೆಮಿನಾರಿಗೆ ಬರೆದು ಓದು ಎಂದೆ.